ವಲ್ಲಿಯ ಮರೆಯ ಕೈ

ಮುತ್ತಿನ ಗುರು ಬೊಮ್ಮಿಶೆಟ್ಟರ ಬಾಯಲ್ಲಿ ಒಂದು ಹಲ್ಲೂ ಉಳಿದಿರಲಿಲ್ಲ.

ಅಸಲಿ ಮುತ್ತನ್ನು ಹಲ್ಲಿಗೆ ಉಜ್ಜಿದರೆ ಮರಳಿನಂತೆ ತರಿತರಿ ಎನ್ನಬೇಕು. ಹಾಗಾಗಿ ಉಜ್ಜುವ ಕೆಲಸ ಐದು ವರ್ಷಗಳಿಂದ ಶಿಷ್ಯ ಮಲ್ಲರಸನದು.

ಇವತ್ತು ಅವನ ಪರೀಕ್ಷೆ. ಒಂದೇ ಒಂದು ಮುತ್ತನ್ನು ಸರಿಯಾಗಿ ಕೊಂಡರೆ ಗುರುಗಳ ಹೆಗಲ ಮೇಲಿನ ವಲ್ಲಿ ಅವನಿಗೆ. ಕಡಲದಂಡೆಯ ಮುತ್ತಿನ ಸಂತೆಯಲ್ಲಿ ಬೆಲೆಯನ್ನು ಬಾಯಲ್ಲಿ ಹೇಳುವವರಿಲ್ಲ. ವಲ್ಲಿಯ ಮರೆಯಲ್ಲಿ ಕೈ ಹಿಡಿದು ಬೆರಳು ಒತ್ತಬೇಕು. ಬೆರಳಿಗೆ ಹತ್ತು ವರಹ.

ವ್ಯಾಪಾರಿ ಚಾಂದಸಾಹೇಬನ ತಟ್ಟೆಯಲ್ಲಿ ಮಲ್ಲರಸನಿಗೆ ಅಂಥ ಮುತ್ತೊಂದು ಕಂಡಿತು. ತಟಕ್ಕನೆ ಎತ್ತಿಕೊಂಡ.

ಹಲ್ಲಿಗೆ ಉಜ್ಜಿದ. ತರಿತರಿ! ಬಿಸಿಲಿಗೆ ಹಿಡಿದ. ಹೊಳಪು ಒಳಗಿನಿಂದ ಬರುತ್ತಿತ್ತು! ಕೆನ್ನೆಗೆ ಒತ್ತಿಕೊಂಡ. ಬಾವಿಯ ನೀರಿನಷ್ಟು ತಣ್ಣಗೆ!

“ಗುರುಗಳೇ, ಸಿಕ್ಕಿತು! ಅಪ್ಪಟ ಅಸಲಿ!”

“ಸಂತೆಗೆಲ್ಲ ಕೇಳಿಸಿತು” ಎಂದರು ಗುರುಗಳು. ವಲ್ಲಿ ತೆಗೆದು ಇಬ್ಬರ ಕೈಗಳ ಮೇಲೆ ಹೊದಿಸಿದರು.

ಮಲ್ಲರಸ ಮೂರು ಬೆರಳು ಒತ್ತಿದ. ಸಾಹೇಬ ನಾಲ್ಕು ಒತ್ತಿದ. ಮಲ್ಲರಸ ನಾಲ್ಕಕ್ಕೆ ಬಂದ. ಸಾಹೇಬ ನಗುತ್ತ ಐದೂ ಒತ್ತಿದ.

“ಇದೇನು ಸಾಹೇಬರೇ, ಏರ್ತಾನೇ ಇದೆಯಲ್ಲ!”

“ಮುತ್ತು ಬೆಳೀತಾ ಇದೆ ತಮ್ಮಾ.”

ಆಗಲಿ, ಹಸ್ತ ಪೂರ್ತಿ ಹೋಗಲಿ! ಮಲ್ಲರಸ ಒತ್ತುವುದರಲ್ಲಿದ್ದ.

“ಏಳೋ” ಎಂದರು ಗುರುಗಳು.

ಅವನ ಜಾಗದಲ್ಲಿ ಕೂತು ವಲ್ಲಿಯೊಳಗೆ ಕೈಯಿಟ್ಟರು. ಮುತ್ತಿನ ಕಡೆ ನೋಡಲೇ ಇಲ್ಲ. ಒಮ್ಮೆ ಆಕಳಿಸಿದರು.

ಸಾಹೇಬನ ಹುಬ್ಬು ಗಂಟಿಕ್ಕಿತು. “ಶೆಟ್ಟರೇ, ಇದು ಕೈಯೋ, ಕೊರಡೋ? ಏನೂ ತಿಳಿಯೋದಿಲ್ಲ.”

ಐದರಿಂದ ಮೂರಕ್ಕೆ ಇಳಿದ. ಕೊನೆಗೆ ಎರಡಕ್ಕೆ.

ದಾರಿಯಲ್ಲಿ ಮಲ್ಲರಸನಿಗೆ ತಡೆಯಲಾಗಲಿಲ್ಲ. “ನನ್ನ ಪರೀಕ್ಷೆಯಲ್ಲಿ ತಪ್ಪೇನಿತ್ತು ಗುರುಗಳೇ?”

“ಏನೂ ಇಲ್ಲ. ಅಸಲಿಯೇ.”

“ಮತ್ತೆ ನನಗೆ ಐದು, ನಿಮಗೆ ಎರಡು!”

“ನೀನು ಮುತ್ತನ್ನು ಪರೀಕ್ಷೆ ಮಾಡಿದೆ. ಅವನು ನಿನ್ನ ನಾಡಿ ಹಿಡಿದು ಕೂತಿದ್ದ.”

ಮಲ್ಲರಸ ತನ್ನ ಅಂಗೈ ನೋಡಿಕೊಂಡ. ಇನ್ನೂ ಬೆವರುತ್ತಿತ್ತು.

“ಹಾಗಾದರೆ ವಲ್ಲಿ?”

ಗುರುಗಳು ಮುತ್ತನ್ನು ಅವನ ಅಂಗೈಯಲ್ಲಿಟ್ಟು ಬೆರಳು ಮಡಚಿದರು.

“ಹಿಡಿದಿರು. ಇದು ನಿನ್ನ ಮುಷ್ಟಿಯಲ್ಲೂ ತಣ್ಣಗೇ ಉಳಿದ ದಿನ ಬಂದು ಕೇಳು.”