ಪಂಡಿತರ ಗಂಟಲು

“ಸ್ವಾಮಿ, ನಿನ್ನೆ ನಿಮಗೆ ಜ್ವರವಿತ್ತೆಂದು ಪ್ರವಚನ ನಾನೇ ಹೇಳಿದೆ. ಕಣ್ಣು ಮುಚ್ಚಿ ಕೇಳಿದರೆ ನೀವೇ ಹೇಳಿದಂತಿತ್ತು ಎಂದರು ಜನ. ಶಿಷ್ಯನಾದವನಿಗೆ ಇದಕ್ಕಿಂತ ದೊಡ್ಡ ಭಾಗ್ಯ ಉಂಟೆ?” ಎಂದು ಶಿಷ್ಯ ಕೇಳಿದ.

ಗುರು ಈ ಕತೆ ಹೇಳಿದರು.

ಒಬ್ಬ ಗಾಯಕನಿದ್ದ. ನಾಡೆಲ್ಲ ಹೆಸರಾದ ಪಂಡಿತರೊಬ್ಬರ ಬೆನ್ನ ಹಿಂದೆ ಕೂತು, ತಂಬೂರಿ ಮೀಟುತ್ತ ಕಲಿತವನು. ಮುಪ್ಪಿನಲ್ಲಿ ಪಂಡಿತರಿಗೆ ಕೆಮ್ಮು ಹತ್ತಿತು. ಹಾಡು ಮೇಲಿನ ಸ್ವರಕ್ಕೇರುವ ಹೊತ್ತಿಗೆ ಕೆಮ್ಮು ಬರುತ್ತಿತ್ತು, ಉಸಿರು ಸಾಲುತ್ತಿರಲಿಲ್ಲ. ಆಗ ಇವನು ಹಿಂದಿನಿಂದ ಅದೇ ಸಾಲನ್ನು ಅದೇ ದನಿಯಲ್ಲಿ ಎತ್ತಿಕೊಳ್ಳುತ್ತಿದ್ದ. ಅವರು ಬಿಟ್ಟದ್ದೆಲ್ಲಿ, ಇವನು ಹಿಡಿದದ್ದೆಲ್ಲಿ ಎಂದು ಎದುರಿಗೆ ಕೂತವರಿಗೂ ತಿಳಿಯುತ್ತಿರಲಿಲ್ಲ. ಪಂಡಿತರಿಗೆ ಮಾತ್ರ ಇದು ಸರಿಬರಲಿಲ್ಲ. ಒಂದು ದಿನ ಕರೆದು, “ರಾಗ ನಂದು ತಗೊಂಡಿ, ಆತು. ಗಂಟಲಾನೂ ನಂದ ಯಾಕೋ? ನಿಂದು ಹುಡುಕ್ಕೊಂಡು ಬಾ ಹೋಗು” ಎಂದು ಕಳಿಸಿಬಿಟ್ಟರು.

ಹುಡುಕಲು ಹನ್ನೊಂದು ವರ್ಷ ಹಿಡಿಯಿತು. ಸಿಕ್ಕ ದನಿ ದೊಡ್ಡದೇನಲ್ಲ. ತುಸು ಒರಟು, ತಗ್ಗಿನದು. ಕೇಳಲು ಬರುವವರು ಇಪ್ಪತ್ತು ಮೂವತ್ತು ಮಂದಿ. ಆದರೆ ಅದು ಅವನದಾಗಿತ್ತು. ಅಷ್ಟರಲ್ಲಿ ಪಂಡಿತರು ತೀರಿಕೊಂಡಿದ್ದರು. ಆ ದನಿಯನ್ನು ಅವರು ಕೇಳಲೇ ಇಲ್ಲ.

ಆಮೇಲೆ ಒಬ್ಬ ನಿರ್ದೇಶಕ ಬಂದ. ಪಂಡಿತರ ಬದುಕನ್ನು ಸಿನಿಮಾ ಮಾಡುತ್ತಿದ್ದ. ಅವರನ್ನೇ ಹೋಲುವ ನಟ ಸಿಕ್ಕಿದ್ದ, ಅವರು ಸುತ್ತುತ್ತಿದ್ದ ರುಮಾಲೂ ಸಿಕ್ಕಿತ್ತು. ದನಿ ಒಂದು ಸಿಕ್ಕಿರಲಿಲ್ಲ.

“ಹಳೇ ರೆಕಾರ್ಡಲ್ಲಿ ಹಾಡಿಗಿಂತ ಒಗ್ಗರಣೆ ಸಿಡಿಯೋ ಸದ್ದೇ ಜಾಸ್ತಿ ಸಾರ್. ನೀವು ಅವರ ಹಾಗೆ ಹಾಡಿಕೊಟ್ಟರೆ ಪಂಡಿತರು ಎದ್ದು ಬರ್ತಾರೆ. ಮೂರೇ ತಿಂಗಳು.”

ಗಾಯಕನಿಗೆ ಇಲ್ಲವೆನ್ನಲು ಬಾಯಿ ಬರಲಿಲ್ಲ. ಇದೂ ಗುರುಸೇವೆಯೇ ಎಂದುಕೊಂಡ. ರೆಕಾರ್ಡುಗಳನ್ನು ಮುಂದಿಟ್ಟುಕೊಂಡು, ನಡೆದು ಬಂದ ದಾರಿಯಲ್ಲೇ ಹಿಂದಕ್ಕೆ ಹೊರಟ. ಬರುವಾಗ ಹನ್ನೊಂದು ವರ್ಷ ಹಿಡಿದ ದಾರಿ, ಹೋಗುವಾಗ ಒಂಬತ್ತು ದಿನಕ್ಕೆ ಮುಗಿಯಿತು. ನಿರ್ದೇಶಕ ಕೇಳಿದನೆಂದು ಕೆಮ್ಮನ್ನೂ ಕಲಿತ.

ಸಿನಿಮಾ ನೋಡಿ ಜನ ಅತ್ತರು. ಪಂಡಿತರ ಹೆಂಡತಿಯೂ ಬಂದಿದ್ದರು. ಗಾಯಕ ಅವರ ಕಾಲಿಗೆರಗಿ, “ಹೆಂಗಿತ್ತು ಅವ್ವಾ?” ಎಂದ.

“ಅವರನ್ನ ಕಂಡಂಗಾತು ತಮ್ಮಾ. ಕೆಮ್ಮಿದ ಕೂಡ್ಲೆ ಬಿಸಿನೀರು ಕೊಡಬೇಕಂತ ಎದ್ದು ನಿಂತಿದ್ದೆ ನೋಡು, ಹಿಂದಿನವರು ಬೈದು ಕುಂದರಿಸಿದ್ರು” ಎಂದು ನಕ್ಕರು. ನಗುತ್ತಲೇ ಕಣ್ಣೊರೆಸಿಕೊಂಡು, “ಖರೇ ಹೇಳ್ಲಾ? ನೀನೂ ಹಾಡೀದಿ ಅಂತ ಹೇಳಿ ಕರ್ಕೊಂಡು ಬಂದಿದ್ರು. ನಿಂದು ಯಾವಾಗ ಬಂದು ಹೋತೋ? ನನಗ ತಿಳೀಲೇ ಇಲ್ಲ” ಎಂದರು.

ಗಾಯಕ ಮನೆಗೆ ಬಂದು ತಂಬೂರಿಯ ಶ್ರುತಿ ಮಾಡಿ, ತನ್ನ ದನಿಯಲ್ಲಿ ಷಡ್ಜ ಹಿಡಿದ. ಬಂದದ್ದು ಪಂಡಿತರ ದನಿ. ನಿಲ್ಲಿಸಿ, ನೀರು ಕುಡಿದು, ಮತ್ತೆ ಹಿಡಿದ. ಮತ್ತೆ ಅದೇ. ತನ್ನದನ್ನು ನೆನಪು ಮಾಡಿಕೊಳ್ಳೋಣವೆಂದರೆ, ಅದನ್ನು ಯಾರೂ ರೆಕಾರ್ಡು ಮಾಡಿಟ್ಟಿರಲಿಲ್ಲ. ಮುಂದಿನ ಕಛೇರಿಗೆ ಮುನ್ನೂರು ಮಂದಿ ಬಂದರು. ಮೇಲಿನ ಸ್ವರಕ್ಕೇರುವ ಮುನ್ನ ಅವನಿಗೆ ಕೆಮ್ಮು ಬಂತು. ಅವನ ಎದೆಯಲ್ಲಿ ಯಾವ ರೋಗವೂ ಇರಲಿಲ್ಲ. ಜನ ಚಪ್ಪಾಳೆ ತಟ್ಟಿದರು.

ಗುರು ಅಲ್ಲಿಗೆ ನಿಲ್ಲಿಸಿದರು.

“ಆಮೇಲೆ ಅವನ ದನಿ ಅವನಿಗೆ ಸಿಕ್ಕಿತೆ ಸ್ವಾಮಿ?” ಎಂದು ಶಿಷ್ಯ ಕೇಳಿದ.

ಗುರು ಕಂಬಳಿಯನ್ನು ಹೆಗಲ ಮೇಲೆಳೆದುಕೊಂಡು ಹೇಳಿದರು: “ನಿನ್ನೆ ನಾನೂ ಬಾಗಿಲ ಹಿಂದೆ ಕೂತು ಪ್ರವಚನ ಕೇಳುತ್ತ ಕೊನೆಯವರೆಗೆ ಕಾದೆ, ನೀನು ಬರಲಿಲ್ಲ.”