ಮಡಚಿಟ್ಟ ಕನ್ನಡಿ

ಹೊಸದಾಗಿ ಕಾರು ಕಲಿತ ಚೆನ್ನವೀರಪ್ಪನವರು, ಎಲ್ಲಿ ಗೀರು ಬಿದ್ದೀತೋ ಎಂದು ಹೆದರಿ, ಕಾರಿನ ಪಕ್ಕದ ಕನ್ನಡಿಯನ್ನು ಸದಾ ಒಳಕ್ಕೆ ಮಡಚಿಯೇ ಇಡುತ್ತಿದ್ದರು. ಪಾಪ, ಕನ್ನಡಿಗೆ ಕಾಣುತ್ತಿದ್ದುದು ಕಿಟಕಿಯೊಳಗೆ ಬೆವರುವ ಯಜಮಾನರ ಮೂಗೊಂದೇ. ಒಂದು ದಿನ ಪೇಟೆಯಲ್ಲಿ ಅವರು ರಿವರ್ಸ್ ಗೇರ್ ಹಾಕಿದರು.

"ಹಾರ್ನಣ್ಣಾ, ಯಜಮಾನರಿಗೆ ಹೇಳಿ ನನ್ನನ್ನು ಬಿಚ್ಚಿಸು. ಹಿಂದೆ ಏನಿದೆಯೋ ನೋಡಬೇಕು," ಎಂದಿತು ಕನ್ನಡಿ.

"ನೋಡುವುದು ಕೈಲಾಗದವರ ಕೆಲಸ," ಎಂದಿತು ಹಾರ್ನ್. "ನಾನು ಕೂಗಿದರೆ ಹಿಂದಿರುವವರೇ ನೋಡಿಕೊಂಡು ಸರಿಯುತ್ತಾರೆ. ಎಮ್ಮೆಯೇ ಸರಿದಿದೆ, ಗೊತ್ತೇ?"

"ಎಮ್ಮೆಗೆ ಕಿವಿಯಿದೆಯಣ್ಣಾ. ಕಿವಿಯಿಲ್ಲದ್ದೇನಾದರೂ ನಿಂತಿದ್ದರೆ?"

"ಅಪಶಕುನ ನುಡಿಯಬೇಡ!" ಎಂದು ಗದರಿಸಿ, ಹಾರ್ನ್ ಕಿವಿ ಕಿತ್ತುಹೋಗುವಂತೆ ಕೂಗಿತು. ದನ ಸರಿದವು. ಜನ ಬೈಯುತ್ತಾ ಸರಿದರು. ಕರೆಂಟು ಕಂಬ ಮಾತ್ರ ಸರಿಯಲಿಲ್ಲ. ಢಣ್ ಎಂದು ಸದ್ದಾಯಿತು, ಕಾರಿನ ಹಿಂಭಾಗ ನುಜ್ಜುಗುಜ್ಜಾಯಿತು.

"ಎಂಥ ಮರ್ಯಾದೆಗೆಟ್ಟ ಕಂಬ!" ಎಂದು ಹಾರ್ನ್ ಉರಿದುಬಿದ್ದಿತು.

ಚೆನ್ನವೀರಪ್ಪನವರು ಗಾಬರಿಯಿಂದ ಇಳಿದು ಬಂದವರೇ ಮೊದಲು ಕನ್ನಡಿಯನ್ನು ಸವರಿ ನೋಡಿದರು.

"ಸದ್ಯ, ಮಡಚಿಟ್ಟಿದ್ದೆ. ಇದಾದರೂ ಉಳಿಯಿತು!"