ಕೆರೆಯ ಕಾವಲಿನ ಟಿಟ್ಟಿಭ

ದೇವರ ದಯೆಯಿಂದ ತುಂಬಿದ್ದ ಒಂದು ಕೆರೆಗೆ ಟಿಟ್ಟಿಭವೆಂಬ ಹಕ್ಕಿಯೇ ಕಾವಲು. ಹುಲಿ ಕಂಡೊಡನೆ ಅದು ಕೂಗುತ್ತಿತ್ತು, ಜಿಂಕೆಗಳು ಬದುಕಿಕೊಳ್ಳುತ್ತಿದ್ದವು. ದೂರದ ಸಿಂಹರಾಜನ ದೂತ ಹದ್ದು ಬಂದು, ನೀರಿಗೆ ಯಾರು ಯಾರು ಬರುತ್ತಾರೆಂದು ದಿನವೂ ಕೇಳತೊಡಗಿದಾಗ, ಪಾಪ, ಟಿಟ್ಟಿಭ ಹೆದರಿ ಹೇಳಿಬಿಟ್ಟಿತು. ಇದು ತಿಳಿದ ಜಿಂಕೆಗಳು ಕೆರೆಯನ್ನೇ ಬಿಟ್ಟು ಕಾವಲಿಲ್ಲದ ಹಳ್ಳಕ್ಕೆ ಹೋದವು. ಅಲ್ಲಿ ಹುಲಿ ಒಂದು ಮರಿಯನ್ನು ಹೊತ್ತೊಯ್ದಿತು.

ಕೆರೆಯ ಹಿರಿಯಳಾದ ಆನೆಯಮ್ಮ ಅಂದೇ ಕಟ್ಟಳೆ ಮಾಡಿದಳು: "ಇಲ್ಲಿ ನೀರು ಕುಡಿದವರ ಸುದ್ದಿ ಇಲ್ಲಿಂದಾಚೆ ಹೋಗಕೂಡದು."

ಮರುದಿನ ಹದ್ದು ಮತ್ತೆ ಹಾಜರು. ಟಿಟ್ಟಿಭ ಇಲ್ಲವೆಂದರೂ ಬಿಡದೆ ಕೇಳಿತು: "ಎಲೇ ಟಿಟ್ಟಿಭ, ತಪ್ಪು ಮಾಡದವರಿಗೆ ಭಯವೇಕೆ? ಹೇಳು."

"ಅಯ್ಯಾ, ಎಷ್ಟು ಸಲ ಇಲ್ಲ ಅನ್ನಲಿ!" ಟಿಟ್ಟಿಭಕ್ಕೆ ರೇಗಿಹೋಯಿತು. "ಭಗವಂತ ಈ ಗಂಟಲು ಕೊಟ್ಟಿದ್ದು ಜೀವ ಉಳಿಸಲಿಕ್ಕೆ, ಚಾಡಿ ಹೇಳಲಿಕ್ಕಲ್ಲ. ಬೇಕಿದ್ದರೆ ನಿಮ್ಮ ಕಣ್ಣಿಂದ ನೀವೇ ನೋಡಿಕೊಳ್ಳಿ."

ಹದ್ದು ಸಿಟ್ಟಿನಿಂದ ಹಾರಿತು. ಸುಡುಬಿಸಿಲಲ್ಲಿ ಸುತ್ತಿ ಸುತ್ತಿ ಸುಸ್ತಾಗಿ ಕೊನೆಗೆ ಕೆರೆಗೇ ಇಳಿಯಿತು. ಗಟಗಟನೆ ಕುಡಿದು, ಅತ್ತಿತ್ತ ನೋಡಿ, "ಕೆಲಸ ಬಿಟ್ಟು ಇಳಿದದ್ದು ರಾಜರಿಗೆ ತಿಳಿಯಬಾರದಪ್ಪಾ" ಎಂದಿತು.

ಟಿಟ್ಟಿಭ ನಿಟ್ಟುಸಿರಿಟ್ಟಿತು. "ಕುಡಿಯಿರಿ ಸ್ವಾಮಿ. ಕಟ್ಟಳೆ ನಿಮಗೂ ಉಂಟು."

ಪೊದೆಯ ಮರೆಯಿಂದ ಇದನ್ನು ಕೇಳಿಸಿಕೊಂಡ ತಾಯಿ ಜಿಂಕೆ, ಉಳಿದೊಂದು ಮರಿಯನ್ನು ಮುಂದಿಟ್ಟುಕೊಂಡು ನೀರಿಗಿಳಿಯಿತು.